ಸಮಯಕ್ಕೆ ಎಲ್ಲಿಯ ವಿಸ್ತೀರ್ಣ, ಸರ್?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರದವಳು, ಪಿಯುಸಿ ಎರಡನೇ ವರ್ಷ. ಕೋಚಿಂಗ್ ಕ್ಲಾಸಿನಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಇಬ್ಬರು ಗೆಳತಿಯರು ಸಂಜೆ 5ರಿಂದ 6ರ ಒಳಗೆ ಯಾವ ಕ್ಷಣದಲ್ಲಾದರೂ ಬಸ್ ಸ್ಟ್ಯಾಂಡಿಗೆ ಬರಬಹುದು. ಮೊದಲು ಬಂದವಳು 15 ನಿಮಿಷ ಕಾದು ಹೊರಟುಬಿಡುತ್ತಾಳೆ. ಇಬ್ಬರೂ ಭೇಟಿಯಾಗುವ ಸಂಭವನೀಯತೆ ಎಷ್ಟು? ನಾನು ಹೀಗೆ ಮಾಡಿದೆ: ನಾನು ಬರುವುದಕ್ಕಿಂತ 15 ನಿಮಿಷ ಮೊದಲಿನಿಂದ 15 ನಿಮಿಷ ನಂತರದವರೆಗೆ ಆಕೆ ಯಾವಾಗ ಬಂದರೂ ಭೇಟಿ ಆಗುತ್ತದೆ. ಅದು 30 ನಿಮಿಷ. 60ರಲ್ಲಿ 30 ಅಂದರೆ 1/2. ಆದರೆ ಉತ್ತರ 7/16 ಅಂತ ಇದೆ. ಒಂದು ಚೌಕ ಬರೆದು ವಿಸ್ತೀರ್ಣ ತೆಗೆದಿದ್ದಾರೆ. ಹೊಲಕ್ಕೆ ವಿಸ್ತೀರ್ಣ ಇರುತ್ತದೆ, ಮನೆಗೆ ಇರುತ್ತದೆ. ಸಮಯಕ್ಕೆ ಎಲ್ಲಿಯ ವಿಸ್ತೀರ್ಣ, ಸರ್? ಇನ್ನೊಂದು ಸಂಶಯ: ಸರಿಯಾಗಿ 15ನೇ ನಿಮಿಷಕ್ಕೆ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ, ಬಿಡಬೇಕೋ?

ಉತ್ತರ: ತಂಗಿ, ನಿನ್ನ ಲೆಕ್ಕ ದಾರಿ ತಪ್ಪಿದ್ದು ಒಂದೇ ಜಾಗದಲ್ಲಿ. ಅದನ್ನು ಮೊದಲು ಸರಿಮಾಡೋಣ, ಚೌಕ ಆಮೇಲೆ.

ನೀನು 5:30ಕ್ಕೆ ಬಂದೆ ಅಂತಿಟ್ಟುಕೊ. ಗೆಳತಿ 5:15ರಿಂದ 5:45ರ ಒಳಗೆ ಬಂದರೆ ಭೇಟಿ. 30 ನಿಮಿಷ, ನೀನು ಹೇಳಿದ ಹಾಗೇ. ಈಗ ನೀನು 5:05ಕ್ಕೇ ಬಂದೆ ಅನ್ನು. ಅದಕ್ಕಿಂತ 15 ನಿಮಿಷ ಹಿಂದೆ ಎಂದರೆ 4:50. ಆದರೆ 5ಕ್ಕಿಂತ ಮೊದಲು ಯಾರೂ ಬರುವುದಿಲ್ಲ ಎಂದು ಲೆಕ್ಕದಲ್ಲೇ ಇದೆ. ಆಕೆಗೆ ಉಳಿದದ್ದು 5ರಿಂದ 5:20, ಇಪ್ಪತ್ತೇ ನಿಮಿಷ. ನೀನು ಸರಿಯಾಗಿ 5ಕ್ಕೆ ಬಂದುಬಿಟ್ಟರೆ ಬರೀ 15. ಗಡಿಯಾರದ ಆ ತುದಿಯಲ್ಲಿ, 6ರ ಹತ್ತಿರವೂ ಇದೇ ಕತೆ. ತುದಿಗಳಲ್ಲಿ ಇಲ್ಲದ ನಿಮಿಷಗಳನ್ನು ನೀನು ಇದೆ ಎಂದು ಎಣಿಸಿದ್ದೀಯ.

ಹಾಗಾದರೆ ಎಷ್ಟು ಕಡಿಮೆ ಮಾಡಬೇಕು? 5:15ರಿಂದ 5:45ರ ನಡುವಿನ ಅರ್ಧ ತಾಸಿನಲ್ಲಿ ನೀನು ಬಂದರೆ ಗೆಳತಿಗೆ ಪೂರ್ತಿ 30 ನಿಮಿಷ ಸಿಗುತ್ತದೆ. ಉಳಿದ ಅರ್ಧ ತಾಸಿನಲ್ಲಿ, ಅಂದರೆ ಎರಡೂ ತುದಿಯ ಕಾಲು ತಾಸುಗಳಲ್ಲಿ ಬಂದರೆ 15ರಿಂದ 30ರವರೆಗೆ ಒಂದೇ ಸಮನೆ ಏರುವ ಯಾವುದೋ ಒಂದು ಸಂಖ್ಯೆ, ಸರಾಸರಿ 22.5. ಈ 30 ಮತ್ತು 22.5ರ ಸರಾಸರಿ 26.25. ಅದನ್ನು 60ರಿಂದ ಭಾಗಿಸಿದರೆ 0.4375. ಅದೇ 7/16. ನೋಡು, ಚೌಕ ಇಲ್ಲದೆಯೂ ಉತ್ತರ ಬಂತು, ನಿನ್ನ ದಾರಿಯಲ್ಲೇ ಬಂತು. ಆದರೆ ಈ ದಾರಿಯಲ್ಲಿ ತುದಿಗಳನ್ನು ಮರೆಯುವುದು ಬಹಳ ಸುಲಭ. ಚೌಕ ಬರೆದವರಿಗೆ ತುದಿ ಕಣ್ಣಿಗೇ ಕಾಣುತ್ತದೆ, ಮರೆಯುವ ಮಾತೇ ಇಲ್ಲ.

ಒಂದು ಗ್ರಾಫ್ ಹಾಳೆ ತಗೋ. ಅಡ್ಡ ಗೆರೆಯ ಮೇಲೆ ನೀನು ಬರುವ ಹೊತ್ತು, 0ರಿಂದ 60 ನಿಮಿಷ. ನಿಂತ ಗೆರೆಯ ಮೇಲೆ ಗೆಳತಿ ಬರುವ ಹೊತ್ತು, ಅದೂ 0ರಿಂದ 60. ಇವತ್ತು ನೀನು 5:20ಕ್ಕೆ ಬಂದೆ, ಆಕೆ 5:50ಕ್ಕೆ ಬಂದಳು. ಅಡ್ಡಕ್ಕೆ 20, ಎತ್ತರಕ್ಕೆ 50 ಇರುವಲ್ಲಿ ಒಂದು ಚುಕ್ಕಿ ಇಡು. ನಾಳೆ ನೀನು 5:41ಕ್ಕೆ, ಆಕೆ 5:38ಕ್ಕೆ. ಇನ್ನೊಂದು ಚುಕ್ಕಿ. ಒಂದು ಸಂಜೆಗೆ ಒಂದು ಚುಕ್ಕಿ. ಹೀಗೆ ವರ್ಷಗಟ್ಟಲೆ ಇಡುತ್ತಾ ಹೋದರೆ 60ಕ್ಕೆ 60ರ ಈ ಚೌಕ ಚುಕ್ಕಿಗಳಿಂದ ತುಂಬುತ್ತದೆ. ಇದು ಬಸ್ ಸ್ಟ್ಯಾಂಡಿನ ನಕ್ಷೆ ಅಲ್ಲ, ಸಂಜೆಗಳ ನಕ್ಷೆ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಒಂದು ಹೊತ್ತು ಗೆರೆಯ ಮೇಲಿನ ಬಿಂದು, ಆ ಗೆರೆಗೆ ಇರುವುದು ಉದ್ದ ಮಾತ್ರ. ಒಬ್ಬಳ ಹೊತ್ತಿನ ಎದುರು ಇನ್ನೊಬ್ಬಳ ಹೊತ್ತು ನಿಂತಾಗ ವಿಸ್ತೀರ್ಣ ಹುಟ್ಟುತ್ತದೆ.

ಈಗ ಭೇಟಿಯಾದ ಸಂಜೆಗಳು ಎಲ್ಲಿವೆ? ಎರಡು ಹೊತ್ತುಗಳ ಅಂತರ 15ಕ್ಕಿಂತ ಹೆಚ್ಚಿಲ್ಲದ ಕಡೆ. ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಕರ್ಣ ಎಳೆದರೆ, ಅದರ ಮೇಲೆ ಇಬ್ಬರೂ ಒಂದೇ ಕ್ಷಣಕ್ಕೆ ಬಂದ ಸಂಜೆಗಳು. ಅದರ ಎರಡೂ ಬದಿಗೆ ಒಂದು ಪಟ್ಟಿ, ಸೀರೆಯ ಅಂಚಿನ ಹಾಗೆ: ಅದೇ ಭೇಟಿಯ ಪಟ್ಟಿ. ಪಟ್ಟಿಯ ಹೊರಗೆ ಉಳಿಯುವುದು ಎರಡು ಮೂಲೆಗಳಲ್ಲಿ ಎರಡು ಲಂಬಕೋನ ತ್ರಿಭುಜ, ಒಂದೊಂದರ ಬಾಹು 45. ಎರಡನ್ನೂ ಕೂಡಿಸಿ ಇಟ್ಟರೆ 45ರ ಒಂದು ಚೌಕ, 2025. ಒಟ್ಟು ಚೌಕ 3600. ಭೇಟಿಯ ಪಾಲು 1575. ಭಾಗಿಸಿದರೆ 7/16. ನೀನು ಹಿಡಿದಿದ್ದ 1/2 ಎಂದರೆ 1800. ಹೆಚ್ಚಾದ 225 ಎಲ್ಲಿ ಅಂತ ಹುಡುಕು: ಪಟ್ಟಿಯನ್ನು ಚೌಕದ ಎರಡು ತುದಿಯಲ್ಲೂ ಆಚೆಗೆ ಎಳೆದು ಪೂರ್ತಿ ಸಮಾಂತರ ಚತುರ್ಭುಜ ಮಾಡಿದರೆ ಹೊರಗೆ ಚಾಚುವ ಎರಡು ಸಣ್ಣ ತ್ರಿಭುಜ, ಬಾಹು 15, ಎರಡೂ ಸೇರಿ 225. ಅದೇ 4:50ರ ಗೆಳತಿ!

ಚಿತ್ರ ಒಮ್ಮೆ ಕೈಗೆ ಹತ್ತಿದರೆ ಲೆಕ್ಕವನ್ನು ಹೇಗೆ ಬೇಕಾದರೂ ತಿರುಗಿಸಬಹುದು. ನೀನು 10 ನಿಮಿಷವಷ್ಟೇ ಕಾಯುತ್ತೀ, ಆಕೆ 20 ನಿಮಿಷ ಕಾಯುತ್ತಾಳೆ ಅನ್ನು. ಕರ್ಣದ ಮೇಲ್ಬದಿ ನೀನು ಮೊದಲು ಬಂದ ಸಂಜೆಗಳು, ಅಲ್ಲಿ ಪಟ್ಟಿ 10ರಷ್ಟು. ಕೆಳಬದಿ ಆಕೆ ಮೊದಲು ಬಂದವು, ಅಲ್ಲಿ 20ರಷ್ಟು. ಹೊರಗುಳಿದ ತ್ರಿಭುಜಗಳ ಬಾಹು 50 ಮತ್ತು 40, ವಿಸ್ತೀರ್ಣ 1250 ಮತ್ತು 800. ಉಳಿದದ್ದು 1550, ಉತ್ತರ 31/72. ಇಬ್ಬರೂ ಸೇರಿ ಕಾಯುವುದು ಹಿಂದಿನಂತೆ 30 ನಿಮಿಷವೇ, ಆದರೂ ಭೇಟಿ ಸ್ವಲ್ಪ ಕಡಿಮೆಯಾಯಿತು. ಯಾಕೆ ಅಂತ ಚಿತ್ರ ನೋಡಿ ನೀನೇ ಹೇಳಬಲ್ಲೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಷ್ಟೋ ಮಕ್ಕಳು ವಿಸ್ತೀರ್ಣದ ಸೂತ್ರಗಳನ್ನು ತಪ್ಪಿಲ್ಲದೆ ಹಾಕುತ್ತಾರೆ. ಚುಕ್ಕಿಗಳು ಒಂದೇ ಸಮನೆ ಹರಡಿವೆಯೇ ಎಂದು ಮಾತ್ರ ಕೇಳುವುದಿಲ್ಲ. ವಿಸ್ತೀರ್ಣದಿಂದ ಸಂಭವನೀಯತೆ ತೆಗೆಯಲು ಅಪ್ಪಣೆ ಸಿಗುವುದೇ ಆ ಸಮಹರಡುವಿಕೆಯಿಂದ. ಮುಷ್ಟಿ ತುಂಬ ಕಾಳು ಹಿಡಿದು ಹೊಲದ ತುಂಬ ಒಂದೇ ಹದದಲ್ಲಿ ಚೆಲ್ಲಿದರೆ, ಒಂದು ಮಡಿಯಲ್ಲಿ ಬಿದ್ದ ಕಾಳಿನ ಪಾಲು ಆ ಮಡಿಯ ವಿಸ್ತೀರ್ಣದ ಪಾಲಿನಷ್ಟೇ ಇರುತ್ತದೆ. ಬದುವಿನ ಹತ್ತಿರ ಹೆಚ್ಚು, ನಡುವೆ ಕಡಿಮೆ ಚೆಲ್ಲಿದ್ದರೆ ಹೊಲ ಅಳೆದು ಏನೂ ಹೇಳಲು ಬರುವುದಿಲ್ಲ.

ನಿನ್ನ ಊರಿನದೇ ಉದಾಹರಣೆ ತಗೋ. ನೀವಿಬ್ಬರೂ ಶಹಾಪುರದಿಂದ ಜೇವರ್ಗಿ ಮೇಲೆ ಹಾದು ಕಲಬುರಗಿಗೆ ಒಂದೇ ಬಸ್ಸಿನಲ್ಲಿ ಬಂದರೆ ಚುಕ್ಕಿಗಳೆಲ್ಲ ಕರ್ಣದ ಮೇಲೆಯೇ ಕೂರುತ್ತವೆ. ಭೇಟಿ ಖಂಡಿತ, 7/16ಕ್ಕೆ ಅರ್ಥವೇ ಇಲ್ಲ. ಬೇರೆ ಬೇರೆ ಬಸ್ಸಾದರೂ ಭೀಮಾ ಸೇತುವೆ ಹತ್ತಿರ ವಾಹನ ನಿಂತ ದಿನ ಇಬ್ಬರಿಗೂ ತಡ. ಆಗ ಚುಕ್ಕಿಗಳು ಮೇಲಿನ ಬಲ ಮೂಲೆಗೆ ಒತ್ತರಿಸುತ್ತವೆ. ನೀನು ಜೇವರ್ಗಿ ದಾರಿಯಿಂದ, ಆಕೆ ಆಳಂದ ದಾರಿಯಿಂದ, ಒಬ್ಬಳ ಹೊತ್ತಿಗೂ ಇನ್ನೊಬ್ಬಳ ಹೊತ್ತಿಗೂ ಸಂಬಂಧವೇ ಇಲ್ಲ ಎಂದಾಗ ಮಾತ್ರ ಚೌಕ ಸಮನಾಗಿ ತುಂಬುತ್ತದೆ. ಲೆಕ್ಕದಲ್ಲಿ ‘ಯಾವ ಕ್ಷಣದಲ್ಲಾದರೂ’ ಎಂಬ ಎರಡು ಪದದೊಳಗೆ ಇದೆಲ್ಲ ಅಡಗಿದೆ. ಅವುಗಳ ಕೆಳಗೆ ಗೆರೆ ಹಾಕುವ ಅಭ್ಯಾಸ ಮಾಡಿಕೊ.

ನೆಲದ ಮೇಲಿನ ಲೆಕ್ಕಗಳು ಇದಕ್ಕಿಂತ ಸರಳ, ಬೇಗ ಮುಗಿಸುತ್ತೇನೆ. 60 ಮೀಟರ್‌ಗೆ 40 ಮೀಟರ್ ಹೊಲ, ನಡುವೆ 14 ಮೀಟರ್ ವ್ಯಾಸದ ದುಂಡು ಬಾವಿ. ದಾರ ಕಡಿದ ಗಾಳಿಪಟ ಹೊಲದೊಳಗೆ ಎಲ್ಲೋ ಒಂದು ಕಡೆ ಬಿತ್ತು. ಬಾವಿಗೆ ಬಿದ್ದ ಸಂಭವನೀಯತೆ 154/2400, ಸುಮಾರು 0.064. ಇದರಲ್ಲಿ ಕಲಿಯುವುದೇನೂ ಇಲ್ಲ.

ಕಲಿಯುವುದು ಇರುವುದು ನಾಣ್ಯದ ಲೆಕ್ಕದಲ್ಲಿ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ ಫರಸಿ ಹಾಸಿರುತ್ತಾರಲ್ಲ, ಎರಡಡಿಗೆ ಎರಡಡಿಯ ಕಲ್ಲು. ಅದರ ಮೇಲೆ ಹತ್ತು ರೂಪಾಯಿ ನಾಣ್ಯ ಎಸೆದರೆ ಅದು ಯಾವ ಸಂದಿಗೂ ತಾಗದೆ ಒಂದೇ ಕಲ್ಲಿನೊಳಗೆ ಬೀಳುವ ಸಂಭವನೀಯತೆ ಎಷ್ಟು? ಮಕ್ಕಳು ತಕ್ಷಣ ನಾಣ್ಯದ ವಿಸ್ತೀರ್ಣ ತೆಗೆದು ಕಲ್ಲಿನ ವಿಸ್ತೀರ್ಣದಿಂದ ಭಾಗಿಸುತ್ತಾರೆ. ನಾಣ್ಯ ನಾಣ್ಯವಾಗಿ ಬೀಳುತ್ತದೆ ನಿಜ, ಆದರೆ ಲೆಕ್ಕಕ್ಕೆ ಬೀಳುವುದು ಅದರ ನಡುಬಿಂದು. ನಾಣ್ಯದ ವ್ಯಾಸ 27 ಮಿಲಿಮೀಟರ್. ನಡುಬಿಂದು ಯಾವ ಸಂದಿಗೂ 13.5 ಮಿಲಿಮೀಟರ್‌ಗಿಂತ ಹತ್ತಿರ ಹೋಗಬಾರದು. ಅಂದರೆ ಕಲ್ಲಿನೊಳಗೆ ನಾಲ್ಕೂ ಕಡೆ 13.5 ಬಿಟ್ಟು ಒಂದು ಸಣ್ಣ ಚೌಕ. ನಡುಬಿಂದು ಅದರೊಳಗೆ ಬೀಳಬೇಕು. ಎರಡಡಿ ಎಂದರೆ ಸುಮಾರು 610 ಮಿಲಿಮೀಟರ್, ಒಳಚೌಕದ ಬಾಹು 583. 583/610ರ ವರ್ಗ ಸುಮಾರು 0.91.

ಇದನ್ನು ಕೈಯಾರೆ ಮಾಡಿ ನೋಡಬೇಕಾದರೆ ಫರಸಿ ಬಹಳ ದೊಡ್ಡದು. ಚಾರ್ಟ್ ಹಾಳೆಯ ಮೇಲೆ 54 ಮಿಲಿಮೀಟರಿನ ಚೌಕಗಳನ್ನು ಹಾಕು. ಈಗ ನಾಣ್ಯದ ವ್ಯಾಸ ಚೌಕದ ಬಾಹುವಿನ ಸರಿ ಅರ್ಧ. ಒಳಚೌಕದ ಬಾಹು 27, ಉತ್ತರ 1/4. ನಾಣ್ಯದ ವಿಸ್ತೀರ್ಣ ಭಾಗಿಸುವ ತಪ್ಪು ದಾರಿಯಲ್ಲಿ ಬರುವುದು ಪೈ/16, ಅಂದರೆ 0.196. ಈ ಎರಡರಲ್ಲಿ ಯಾವುದು ನಿಜ ಎಂದು ನಾಣ್ಯವನ್ನೇ ಕೇಳಬಹುದು, ಆದರೆ ನೂರು ಎಸೆತ ಸಾಲುವುದಿಲ್ಲ. ನೂರರಲ್ಲಿ 25 ಬರಬೇಕಾದ ಕಡೆ 21 ಬಂದರೂ ಅದು ಸಹಜದ ಏರುಪೇರೇ. ತರಗತಿಯಲ್ಲಿ 40 ಜನ ಇದ್ದರೆ ತಲೆಗೆ ಹತ್ತು ಎಸೆತ ಹಾಕಿಸು, ಒಟ್ಟು 400. ಸರಿ ದಾರಿ 100 ಎನ್ನುತ್ತದೆ, ತಪ್ಪು ದಾರಿ 78 ಅಥವಾ 79 ಎನ್ನುತ್ತದೆ. ಏರುಪೇರು ಸಾಮಾನ್ಯವಾಗಿ 9ರ ಆಸುಪಾಸು, ಹಾಗಾಗಿ ಇವೆರಡೂ ಬೆರೆಯುವುದು ಅಪರೂಪ. ಎಸೆಯುವಾಗ ಗುರಿ ಇಡಬಾರದು, ನಾಣ್ಯದ ನಡುಭಾಗ ಹಾಳೆಯ ಆಚೆ ಬಿದ್ದರೆ ಎಣಿಸಬಾರದು, ನಾಣ್ಯ ಗೆರೆಗೆ ತಾಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವ ಕೆಲಸ ಎಸೆದವರಿಗೆ ಕೊಡಬಾರದು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ವರಾಂಡದಲ್ಲಿ ಇದನ್ನು ಮಾಡಿಸುತ್ತಿದ್ದೆ. ಕೊನೆಯ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಿದ್ದ ಹುಡುಗರು ಅವತ್ತು ಮೊಣಕಾಲೂರಿ ನಾಣ್ಯದ ಅಂಚು ನೋಡುತ್ತಿದ್ದರು. ಆ ದಿನಗಳು ನನಗೆ ಇಂದಿಗೂ ಬಲು ಇಷ್ಟ.

ಈ ನಾಣ್ಯದ ಆಟ ಹಳೆಯದು. ಫ್ರಾನ್ಸಿನ ಬುಫಾನ್ 1733ರಲ್ಲಿ ಇದನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ; 1777ರಲ್ಲಿ ಅಚ್ಚಾಯಿತು. ಅವನದೇ ಸೂಜಿಯ ಲೆಕ್ಕ ಇನ್ನೂ ಹೆಸರುವಾಸಿ. ನೆಲದ ಮೇಲೆ ಸಮಾನ ಅಂತರದಲ್ಲಿ ಸಮಾಂತರ ಗೆರೆಗಳು. ಆ ಅಂತರದಷ್ಟೇ ಉದ್ದದ ಊದಿನಕಡ್ಡಿ ಎಸೆದರೆ ಅದು ಒಂದು ಗೆರೆಯನ್ನು ದಾಟಿ ಬೀಳುವ ಸಂಭವನೀಯತೆ 2/ಪೈ, ಸುಮಾರು 0.637. ಗೆರೆ ನೇರ, ಕಡ್ಡಿ ನೇರ, ಎಲ್ಲಿಯೂ ವೃತ್ತ ಇಲ್ಲ. ಪೈ ಎಲ್ಲಿಂದ ಬಂತು? ನಿನ್ನ ಚೌಕ ಬಂದ ಕಡೆಯಿಂದಲೇ. ಉದ್ದ, ಅಂತರ ಎರಡನ್ನೂ 1 ಎಂದಿಟ್ಟುಕೊ. ಕಡ್ಡಿ ಬಿದ್ದದ್ದನ್ನು ಎರಡು ಸಂಖ್ಯೆಯಲ್ಲಿ ಹೇಳಬಹುದು: ಗೆರೆಯ ಜೊತೆ ಅದು ಮಾಡಿದ ಕೋನ, 0ರಿಂದ ಪೈ/2, ಅದರ ನಡುಬಿಂದುವಿನಿಂದ ಹತ್ತಿರದ ಗೆರೆಗೆ ಇರುವ ದೂರ, 0ರಿಂದ 1/2. ಕೋನ ಅಡ್ಡಕ್ಕೆ, ದೂರ ಎತ್ತರಕ್ಕೆ ಇಟ್ಟರೆ ಆಯತದ ವಿಸ್ತೀರ್ಣ ಪೈ/4. ದೂರವು ಕೋನದ ಸೈನಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಕಡ್ಡಿ ಗೆರೆ ದಾಟುತ್ತದೆ. ಆ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ನೀನು ಈ ವರ್ಷ ಕಲಿಯುವ ಇಂಟಿಗ್ರೇಶನ್‌ನಿಂದ 1/2. ಭಾಗಿಸು. ಚಿತ್ರದ ಒಂದು ಅಂಚು ಕೋನ, ಇನ್ನೊಂದು ಅಂಚು ದೂರ! ಸಮಯಕ್ಕೆ ವಿಸ್ತೀರ್ಣ ಇದೆಯೇ ಎಂದು ಕೇಳಿದವಳಿಗೆ ಇದು ಹಿಡಿಸುತ್ತದೆ ಅಂದುಕೊಂಡಿದ್ದೇನೆ.

ಮತ್ತೆ ಸಮಹರಡುವಿಕೆಗೆ ಬರುತ್ತೇನೆ. ತೊಗರಿ ರಾಶಿ ಮಾಡುವ ದುಂಡನೆಯ ಕಣ, ನಟ್ಟನಡುವೆ ಮೇಟಿ. ಮಳೆಯ ಮೊದಲ ಹನಿ ಕಣದೊಳಗೆ ಬಿತ್ತು. ಅದು ಅಂಚಿಗಿಂತ ಮೇಟಿಗೆ ಹತ್ತಿರ ಬಿದ್ದಿರುವ ಸಂಭವನೀಯತೆ? ಅರ್ಧ ದಾರಿ, ಹಾಗಾಗಿ 1/2 ಅನ್ನಿಸುತ್ತದೆ. ಒಳಗಿನ ವೃತ್ತದ ತ್ರಿಜ್ಯ ಅರ್ಧ, ವಿಸ್ತೀರ್ಣ ಕಾಲು. ಉತ್ತರ 1/4. ಎತ್ತು ಸುತ್ತುವಾಗ ಹೊರಸುತ್ತಿನದಕ್ಕೇ ನಡಿಗೆ ಹೆಚ್ಚು, ನೆಲ ಇರುವುದೂ ಅಲ್ಲೇ ಹೆಚ್ಚು. ಮೇಟಿಯಿಂದ ಎಷ್ಟು ದೂರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರೆ ಮಾತ್ರ 1/2 ಸರಿ. ಮಳೆ ಚೀಟಿ ಎತ್ತುವುದಿಲ್ಲ.

ಈ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 1889ರಲ್ಲಿ ತೋರಿಸಿದ. ಬೀದರಿನ ಒಂದು ದುಂಡು ಬಿದರಿ ತಟ್ಟೆಯನ್ನು ನೆನೆಸಿಕೊ, ಕಪ್ಪು ಮೈ ಮೇಲೆ ಅಂಚಿನಿಂದ ಅಂಚಿಗೆ ಬೆಳ್ಳಿ ತಂತಿಯ ಒಂದೇ ಒಂದು ನೇರ ಗೆರೆ. ಗಣಿತದಲ್ಲಿ ಅದು ಜ್ಯಾ. ಮನಸ್ಸಿಗೆ ಬಂದ ಹಾಗೆ ಎಳೆದ ಆ ಗೆರೆ, ತಟ್ಟೆಯೊಳಗೆ ಕೂರುವ ಸಮಬಾಹು ತ್ರಿಭುಜದ ಬಾಹುವಿಗಿಂತ ಉದ್ದ ಇರುವ ಸಂಭವನೀಯತೆ ಎಷ್ಟು? ಅಂಚಿನ ಮೇಲೆ ಎರಡು ಬಿಂದು ಆರಿಸಿ ಸೇರಿಸಿದರೆ 1/3: ಮೊದಲ ಬಿಂದುವಿನಲ್ಲಿ ತ್ರಿಭುಜದ ಶೃಂಗ ಇಡು, ಎರಡನೆಯದು ಎದುರಿನ ಮೂರನೇ ಒಂದು ಭಾಗದ ಕಂಸದಲ್ಲಿ ಬರಬೇಕು. ಒಂದು ತ್ರಿಜ್ಯದ ಮೇಲೆ ಬಿಂದು ಆರಿಸಿ ಅಲ್ಲಿ ಲಂಬವಾಗಿ ಗೆರೆ ಎಳೆದರೆ 1/2: ಬಿಂದು ಕೇಂದ್ರದ ಕಡೆಯ ಅರ್ಧದಲ್ಲಿ ಇರಬೇಕು. ತಟ್ಟೆಯ ಮೈ ಮೇಲೆ ಎಲ್ಲೋ ಒಂದು ಬಿಂದು ಆರಿಸಿ, ಅದೇ ಗೆರೆಯ ನಡುಬಿಂದು ಎಂದರೆ 1/4: ಇದು ನಮ್ಮ ಮೇಟಿಯ ಲೆಕ್ಕವೇ. ಮೂರರಲ್ಲಿ ಯಾವುದೂ ತಪ್ಪಲ್ಲ. ‘ಮನಸ್ಸಿಗೆ ಬಂದ ಹಾಗೆ’ ಎಂದರೆ ಹೇಗೆ ಎಂದು ಹೇಳದೇ ಬಿಟ್ಟ ಪ್ರಶ್ನೆಯೇ ಅರೆಬರೆ. ಪರೀಕ್ಷೆಯಲ್ಲಿ ಇಂಥದ್ದು ಬಂದರೆ ನೀನು ಏನನ್ನು ಸಮನಾಗಿ ಹರಡಿದೆ ಎಂದು ಬರೆದು ಮುಂದೆ ಹೋಗು.

ಇನ್ನು ನಿನ್ನ ಎರಡನೇ ಸಂಶಯ, ಸರಿಯಾಗಿ 15ನೇ ನಿಮಿಷಕ್ಕೆ ಬಂದರೆ. ಆ ಸಂಜೆಗಳು ಚೌಕದಲ್ಲಿ ಪಟ್ಟಿಯ ಎರಡು ಅಂಚುಗೆರೆಗಳ ಮೇಲೆ ಕೂತಿವೆ. ಗೆರೆಗೆ ಉದ್ದ ಇದೆ, ವಿಸ್ತೀರ್ಣ ಸೊನ್ನೆ. ಸೇರಿಸಿದರೂ 1575, ಬಿಟ್ಟರೂ 1575. ಹಾಗೆಂದು ಅಂಥ ಸಂಜೆ ಬರುವುದೇ ಇಲ್ಲ ಅಂತಲ್ಲ. ಇವತ್ತಿನ ನಿನ್ನ ಚುಕ್ಕಿಯೂ ಒಂದು ಬಿಂದು, ಅದರ ವಿಸ್ತೀರ್ಣವೂ ಸೊನ್ನೆಯೇ, ಆದರೂ ಸಂಜೆ ಆಯಿತಲ್ಲ.

ಆದರೆ ನಿನ್ನ ಸಂಶಯ ಸುಮ್ಮನೆ ಬಂದದ್ದಲ್ಲ. ಹೊತ್ತನ್ನು ಪೂರ್ಣ ನಿಮಿಷಗಳಲ್ಲಿ ಮಾತ್ರ ಎಣಿಸು, 0ರಿಂದ 59ರವರೆಗೆ. ಆಗ ಚೌಕ ಹೋಗಿ 3600 ಬಿಡಿ ಚುಕ್ಕಿ ಉಳಿಯುತ್ತವೆ, ಅಂಚಿನ ಚುಕ್ಕಿಗಳಿಗೂ ತೂಕ ಬರುತ್ತದೆ. ಅಂಚು ಸೇರಿಸಿ ಎಣಿಸಿದರೆ ಭೇಟಿಯ ಚುಕ್ಕಿ 1620, ಅಂದರೆ 0.45. ಅಂಚು ಬಿಟ್ಟರೆ 1530, ಅಂದರೆ 0.425. ನಮ್ಮ 1575 ಇವೆರಡರ ಸರಿ ನಡುವೆ! ಸೆಕೆಂಡುಗಳಲ್ಲಿ ಎಣಿಸಿದರೆ ಆ ಎರಡು ಸಂಖ್ಯೆಗಳು ಇನ್ನೂ ಹತ್ತಿರ ಬರುತ್ತವೆ.

ಮುಂದಿನ ಪತ್ರ ಬರೆಯುವಾಗ ಒಂದು ಚಿತ್ರ ಕಳಿಸು. ಒಂದು ಜೋಳದ ದಂಟನ್ನು ಮನಸ್ಸಿಗೆ ಬಂದ ಎರಡು ಕಡೆ ಮುರಿದರೆ, ಬಂದ ಮೂರು ತುಂಡುಗಳಿಂದ ತ್ರಿಭುಜ ಮಾಡಲು ಬರುವ ಸಂಭವನೀಯತೆ ಎಷ್ಟು? ಉತ್ತರ ನಾನೇ ಹೇಳುತ್ತೇನೆ, 1/4. ನನಗೆ ಬೇಕಾದದ್ದು ಚೌಕದೊಳಗಿನ ಆ ಕಾಲುಭಾಗ ಎಲ್ಲಿದೆ ಎಂಬುದು. ಎರಡು ಕಡೆಗಳನ್ನು ಮೊದಲೇ ಗುರುತು ಮಾಡಿಕೊಂಡು ಮುರಿದೆಯೋ, ಒಮ್ಮೆ ಮುರಿದು ಆಮೇಲೆ ದೊಡ್ಡ ತುಂಡನ್ನು ಮತ್ತೆ ಮುರಿದೆಯೋ ಎಂದು ಮೊದಲ ಸಾಲಿನಲ್ಲೇ ಬರೆ. ಎರಡನೆಯ ರೀತಿಯಲ್ಲಿ ಮುರಿದಿದ್ದರೆ ಉತ್ತರ 1/4 ಬರುವುದಿಲ್ಲ.